ಬಂದ ಚೀಲವನ್ನೇ ಬಿಚ್ಚಿ ನೋಡಿ: ಓಪನ್ ಸೋರ್ಸ್ ಪ್ಯಾಕೇಜುಗಳ ಸುರಕ್ಷತಾ ಪರಿಶೀಲನೆ

ಚಿಕ್ಕಮಗಳೂರಿನಲ್ಲಿ ಕಾಫಿ ಕೊಳ್ಳುವವರು ತೋಟ ನೋಡಿ ರೇಟು ಹೇಳುವುದಿಲ್ಲ. ತೋಟ ಎಷ್ಟೇ ಚೊಕ್ಕಟವಾಗಿರಲಿ, ಬೆಳೆಗಾರರು ಎಷ್ಟೇ ಪರಿಚಿತರಾಗಿರಲಿ, ಬಂದ ಚೀಲದಿಂದ ಸ್ಯಾಂಪಲ್ ತೆಗೆದು, ತೇವಾಂಶ ಅಳೆದು, ಔಟ್‌ಟರ್ನ್ ಲೆಕ್ಕ ಹಾಕಿದ ಮೇಲೆಯೇ ವ್ಯಾಪಾರದ ಮಾತು. 50 ಕೆಜಿ ಚೆರ್ರಿಯಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬುದನ್ನು ಚೀಲವೇ ಹೇಳಬೇಕು. ಅದೇ ಊರಿನಲ್ಲಿ ಕುಳಿತು ಕ್ಯೂರಿಂಗ್ ವರ್ಕ್ಸ್‌ನ ಚೀಲದ ಲೆಕ್ಕಕ್ಕೋ, ತೋಟದ ಬಟವಾಡೆಗೋ ತಂತ್ರಾಂಶ ಬರೆಯುವವರು ಮಾತ್ರ ಓಪನ್ ಸೋರ್ಸ್ ಪ್ಯಾಕೇಜು, ಅಂದರೆ ಬೇರೆಯವರು ಬರೆದು ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ಸಿದ್ಧ ಕೋಡ್, ತರಿಸುವಾಗ ತೋಟ ನೋಡಿಯೇ ಒಪ್ಪಿಬಿಡುತ್ತಾರೆ. ಕೋಡ್ ಇಟ್ಟು ತೋರಿಸುವ ಗಿಟ್‌ಹಬ್ ತಾಣದ ಪುಟ ತೆರೆಯುತ್ತಾರೆ, ಎಷ್ಟು ಸ್ಟಾರ್ ಬಿದ್ದಿದೆ ನೋಡುತ್ತಾರೆ, ಇನ್‌ಸ್ಟಾಲ್ ಮಾಡುತ್ತಾರೆ.

ಗಿಟ್‌ಹಬ್‌ನಲ್ಲಿ ಕಾಣುವುದು ತೋಟ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರ ಎನ್‌ಪಿಎಂ ಅಥವಾ ಪೈಥಾನಿನ ಭಂಡಾರ ಪೈಪಿಐನಿಂದ ನಿಮ್ಮ ಕಂಪ್ಯೂಟರಿಗೆ ಇಳಿಯುವ ಸಂಕುಚಿತ ಕಡತ, ಅಂದರೆ ಟಾರ್‌ಬಾಲ್ ಅಥವಾ ವೀಲ್, ಚೀಲ. ಎರಡರಲ್ಲೂ ಒಂದೇ ಕೋಡ್ ಇರಬೇಕೆಂದು ಯಾರೂ ಕಡ್ಡಾಯ ಮಾಡಿಲ್ಲ. ಪ್ಯಾಕೇಜು ಪ್ರಕಟಿಸುವ ಹಕ್ಕಿರುವವರು ತಮ್ಮ ಲ್ಯಾಪ್‌ಟಾಪಿನಲ್ಲಿ ಏನನ್ನು ಕಟ್ಟಿ ಕಳಿಸಿದರೂ ಅದೇ ಹೆಸರಿನಲ್ಲಿ ನಿಮಗೆ ತಲುಪುತ್ತದೆ. ಕಳೆದ ಕೆಲವು ವರ್ಷಗಳ ದೊಡ್ಡ ದಾಳಿಗಳಲ್ಲಿ ಹೆಚ್ಚಿನವು ನಡೆದದ್ದು ಈ ಸಂದಿಯಲ್ಲೇ.

ಪಟ್ಟಿಯಲ್ಲಿ ಸಿಗುವುದು, ಸಿಗದಿರುವುದು

ಅಪಾಯ ಎರಡು ಬಗೆಯದು. ಒಂದು, ಯಾರೂ ಬೇಕೆಂದು ಮಾಡದ ತಪ್ಪು. 2021ರ ಡಿಸೆಂಬರಿನಲ್ಲಿ ಜಾವಾದ ಲಾಗ್4ಜೆ ಲೈಬ್ರರಿಯಲ್ಲಿ ಬೆಳಕಿಗೆ ಬಂದ, ಸಿವಿಇ-2021-44228 ಎಂದು ಸಂಖ್ಯೆ ಪಡೆದ ದೋಷ ಅಂಥದ್ದು. ಲಾಗಿಗೆ, ಅಂದರೆ ತಂತ್ರಾಂಶ ತನ್ನೊಳಗೆ ನಡೆದದ್ದನ್ನು ದಾಖಲಿಸುವ ಕಡತಕ್ಕೆ, ಬರೆಯುವ ಪಠ್ಯದಲ್ಲಿ ಒಂದು ವಿಶೇಷ ರೂಪದ ಸಾಲು ಇದ್ದರೆ, ಲೈಬ್ರರಿ ಅದನ್ನು ಬರೆದಿಟ್ಟು ಸುಮ್ಮನಾಗುತ್ತಿರಲಿಲ್ಲ. ಆ ಸಾಲು ಹೇಳಿದ ಸರ್ವರಿಗೆ ಹೋಗಿ, ಅಲ್ಲಿಂದ ಕೋಡ್ ತಂದು ಓಡಿಸುತ್ತಿತ್ತು. ತೀವ್ರತೆಗೆ ಕೊಟ್ಟ ಅಂಕ 10ಕ್ಕೆ 10. ಇಂಥ ದೋಷಕ್ಕೆ ಸಂಖ್ಯೆ ಸಿಗುತ್ತದೆ, ಅದು ಸಾರ್ವಜನಿಕ ಪಟ್ಟಿಗೆ ಸೇರುತ್ತದೆ. ಎನ್‌ಪಿಎಂ ಆಡಿಟ್, ಪಿಪ್-ಆಡಿಟ್, ಒಎಸ್‌ವಿ ಸ್ಕ್ಯಾನರ್ ಮುಂತಾದವು ನಿಮ್ಮಲ್ಲಿರುವ ಪ್ಯಾಕೇಜುಗಳನ್ನು ಆ ಪಟ್ಟಿಯೊಂದಿಗೆ ತಾಳೆ ನೋಡುತ್ತವೆ. ಈ ಕೆಲಸವನ್ನು ಯಂತ್ರಕ್ಕೆ ಬಿಡಿ, ದಿನಕ್ಕೊಮ್ಮೆ ತಾನಾಗಿ ಓಡುವಂತೆ ಹಾಕಿ.

ಇನ್ನೊಂದು, ಬೇಕೆಂದೇ ಇಟ್ಟ ಕೇಡು. ಯಾರಾದರೂ ಕಂಡುಹಿಡಿಯುವ ತನಕ ಇದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆಡಿಟ್ ಸೊನ್ನೆ ತೋರಿಸಿತೆಂದರೆ ಜಗತ್ತಿಗೆ ಈಗಾಗಲೇ ಗೊತ್ತಿರುವ ತೊಂದರೆ ಇಲ್ಲ ಎಂದಷ್ಟೇ ಅರ್ಥ. ಆಡಿಟ್ ಓಡಿಸಿದ್ದನ್ನೇ ಪರಿಶೀಲನೆ ಎಂದು ಬರೆದಿಡುವ ತಂಡಗಳು ಈ ಬಾಗಿಲಿಗೆ ಚಿಲಕವನ್ನೇ ಹಾಕಿರುವುದಿಲ್ಲ. ಮುಂದಿನ ಮಾತೆಲ್ಲ ಮುಖ್ಯವಾಗಿ ಈ ಎರಡನೆಯ ಬಗೆಯ ಕುರಿತು.

ಕೇಡು ಒಳಗೆ ಬರುವ ದಾರಿಗಳು

ಎಲ್ಲಕ್ಕಿಂತ ಅಗ್ಗದ ದಾರಿ ಹೆಸರಿನದು. ಪೈಥಾನಿನ ಜೆಲ್ಲಿಫಿಶ್ ಎಂಬ ಲೈಬ್ರರಿಯ ಹೆಸರಿನಲ್ಲಿ ಒಂದು ಸಣ್ಣ ಎಲ್ ಅಕ್ಷರದ ಜಾಗಕ್ಕೆ ಇಂಗ್ಲಿಷಿನ ದೊಡ್ಡ ಐ ಹಾಕಿ ಯಾರೋ ನಕಲಿ ಪ್ಯಾಕೇಜು ಏರಿಸಿದ್ದರು. ಪರದೆಯ ಮೇಲೆ ಎರಡೂ ಒಂದೇ ಗೆರೆ. ದೂರದ ಸರ್ವರಿಗೆ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಕೀಗಳನ್ನು ಕದಿಯುತ್ತಿದ್ದ ಅದು 2019ರ ಡಿಸೆಂಬರಿನಲ್ಲಿ ಸಿಕ್ಕಿಬೀಳುವ ಹೊತ್ತಿಗೆ ಪೈಪಿಐನಲ್ಲಿ ಸುಮಾರು ಒಂದು ವರ್ಷ ಕುಳಿತಿತ್ತು. ಈಗ ಇದಕ್ಕೆ ಹೊಸ ಕವಲು ಹುಟ್ಟಿದೆ. ಎಐ ಸಹಾಯಕಗಳು ಕೋಡ್ ಬರೆದುಕೊಡುವಾಗ ಇಲ್ಲದ ಪ್ಯಾಕೇಜಿನ ಹೆಸರನ್ನೂ ಧೈರ್ಯವಾಗಿ ಹೇಳುತ್ತವೆ. ಅಂಥ ಹೆಸರನ್ನು ಮೊದಲೇ ನೋಂದಾಯಿಸಿ ಕಾಯುವವರಿದ್ದಾರೆ. ಹಾಸನದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಸಹಾಯಕ ಹೇಳಿದ ಇನ್‌ಸ್ಟಾಲ್ ಸಾಲನ್ನು ಹಾಗೆಯೇ ಅಂಟಿಸುವ ಮುನ್ನ, ಆ ಹೆಸರು ಲೈಬ್ರರಿಯ ಅಧಿಕೃತ ದಾಖಲೆಯಲ್ಲಿ ಇದೆಯೇ ನೋಡಿ.

ಇನ್ನೊಂದು ದಾರಿ ನಿಮ್ಮ ಖಾಸಗಿ ಪ್ಯಾಕೇಜಿನ ಹೆಸರಿನದು. ಕಂಪನಿಯೊಳಗೆ ಮಾತ್ರ ಬಳಸುವ ಲೈಬ್ರರಿಯ ಹೆಸರನ್ನೇ ಹೊರಗಿನವರು ಸಾರ್ವಜನಿಕ ಭಂಡಾರದಲ್ಲಿ, ಇನ್ನೂ ದೊಡ್ಡ ಆವೃತ್ತಿ ಸಂಖ್ಯೆ ಕೊಟ್ಟು ಏರಿಸಿದರೆ, ಇನ್‌ಸ್ಟಾಲ್ ಮಾಡುವ ಸಾಧನ ದೊಡ್ಡ ಸಂಖ್ಯೆಯನ್ನೇ ಆರಿಸಿಕೊಳ್ಳಬಹುದು. 2021ರ ಫೆಬ್ರವರಿಯಲ್ಲಿ ಅಲೆಕ್ಸ್ ಬಿರ್ಸನ್ ಎಂಬ ಸಂಶೋಧಕರು ಈ ವಿಧಾನದಿಂದ ಆ್ಯಪಲ್, ಮೈಕ್ರೋಸಾಫ್ಟ್, ಪೇಪಾಲ್‌ನಂಥ ಕಂಪನಿಗಳ ಒಳಗೆ ತಮ್ಮ ಕೋಡ್ ಓಡಿದ್ದನ್ನು ತೋರಿಸಿದರು. ಪೈಥಾನಿನ ಪ್ಯಾಕೇಜು ತರಿಸುವ ಸಾಧನವಾದ ಪಿಪ್ ಬಳಸುವವರು, ಇನ್ನೊಂದು ಭಂಡಾರವನ್ನೂ ಸೇರಿಸುವ ಎಕ್ಸ್‌ಟ್ರಾ-ಇಂಡೆಕ್ಸ್-ಯುಆರ್‌ಎಲ್ ಎಂಬ ಆಯ್ಕೆ ಕೊಟ್ಟರೆ ಈಗಲೂ ಈ ಗುಂಡಿಗೆ ಬೀಳುತ್ತಾರೆ. ಪಿಪ್ ಖಾಸಗಿ ಭಂಡಾರಕ್ಕೆ ಆದ್ಯತೆ ಕೊಡುವುದಿಲ್ಲ. ಎರಡೂ ಕಡೆ ಹುಡುಕಿ ದೊಡ್ಡ ಆವೃತ್ತಿಯನ್ನು ತರುತ್ತದೆ.

ಮೂರನೆಯದು ಖಾತೆ ಕದಿಯುವುದು. 2021ರ ಅಕ್ಟೋಬರಿನಲ್ಲಿ ಯುಎ-ಪಾರ್ಸರ್-ಜೆಎಸ್ ಪ್ಯಾಕೇಜಿನ ಮೂರು ಕೆಟ್ಟ ಆವೃತ್ತಿಗಳು ಬಂದದ್ದು ಹೀಗೆ. 2025ರ ಸೆಪ್ಟೆಂಬರ್ 8ರಂದು ಚಾಕ್, ಡೀಬಗ್ ಸೇರಿ 18 ಪ್ಯಾಕೇಜುಗಳು ಕೆಟ್ಟದ್ದೂ ಹೀಗೆ. ಎರಡು ಹಂತದ ಭದ್ರತೆ ನವೀಕರಿಸಿ ಎಂದು ಎನ್‌ಪಿಎಂ ಹೆಸರಿನಲ್ಲಿ ಬಂದ ಸುಳ್ಳು ಮೇಲನ್ನು ನಂಬಿ ನಿರ್ವಾಹಕರೊಬ್ಬರು ಲಾಗಿನ್ ವಿವರ ಕೊಟ್ಟಿದ್ದರು. ಅದೇ ತಿಂಗಳ ನಡುವೆ, ಇನ್‌ಸ್ಟಾಲ್ ಆದೊಡನೆ ಆ ಗಣಕದ ಎನ್‌ಪಿಎಂ ಟೋಕನ್ (ಪಾಸ್‌ವರ್ಡಿನಂತೆ ಕೆಲಸ ಮಾಡುವ ಗುಟ್ಟಿನ ಸಾಲು) ಕದ್ದು, ಅದರಿಂದಲೇ ಮುಂದಿನ ಪ್ಯಾಕೇಜಿಗೆ ತನ್ನನ್ನು ಸೇರಿಸಿಕೊಂಡು ತಾನಾಗಿ ಹರಡುವ ಹುಳುವೂ ಬಂತು.

ನಾಲ್ಕನೆಯದು ನಿಧಾನದ ದಾರಿ, ಮತ್ತು ತುಂಬ ನೋವಿನದು: ನಂಬಿಕೆ ಗಳಿಸಿ ಒಳಗೆ ಬರುವುದು. 2018ರಲ್ಲಿ ಇವೆಂಟ್-ಸ್ಟ್ರೀಮ್ ಪ್ಯಾಕೇಜಿನ ಮೂಲ ಲೇಖಕರು ಅದನ್ನು ನೋಡಿಕೊಳ್ಳಲು ಪುರುಸೊತ್ತಿಲ್ಲದೆ, ಸಹಾಯಕ್ಕೆ ಬಂದ ಅಪರಿಚಿತರಿಗೆ ಒಪ್ಪಿಸಿದರು. ಹೊಸಬರು ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಎಂಬ ಇನ್ನೊಂದು ಪ್ಯಾಕೇಜನ್ನು ಅದಕ್ಕೆ ಸೇರಿಸಿದರು. ಅದರ ಕೇಡು ಬಿಟ್‌ಕಾಯಿನ್ ಇಡುವ ಕೋಪೇ ವಾಲೆಟ್‌ಗೆ ಗುರಿ ಇಟ್ಟದ್ದು. ಆ ಕೋಡ್ ಇದ್ದದ್ದು ಎನ್‌ಪಿಎಂಗೆ ಏರಿಸಿದ, ಖಾಲಿ ಜಾಗ ತೆಗೆದು, ಹೆಸರು ಮೊಟಕು ಮಾಡಿ ಕುಗ್ಗಿಸಿದ (ಮಿನಿಫೈ ಮಾಡಿದ) ಫೈಲಿನಲ್ಲಿ. ಗಿಟ್‌ಹಬ್‌ನಲ್ಲಿ ಓದಿದವರಿಗೆ ಕಂಡದ್ದು ಶುದ್ಧ ಕೋಡ್.

ಇದೇ ನಾಲ್ಕನೆಯ ದಾರಿಯ ಇನ್ನೊಂದು ಉದಾಹರಣೆಯಾದ ಎಕ್ಸ್‌ಝಡ್ ಪ್ರಕರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಏಕೆಂದರೆ ಪರಿಶೀಲನೆಯ ಎಲ್ಲ ಪಾಠವೂ ಅದರಲ್ಲಿದೆ. ಲಿನಕ್ಸ್‌ನಲ್ಲಿ ಫೈಲು ಕುಗ್ಗಿಸುವ ಈ ಸಾಧನವನ್ನು ಒಬ್ಬರೇ ನಿರ್ವಾಹಕರು ವರ್ಷಗಟ್ಟಲೆ ಬಿಡುವಿನ ವೇಳೆಯಲ್ಲಿ ನೋಡಿಕೊಂಡಿದ್ದರು. 2021ರಿಂದ ಜಿಯಾ ಟಾನ್ ಎಂಬ ಹೆಸರಿನ ಖಾತೆ ಒಳ್ಳೆಯ ತಿದ್ದುಪಡಿಗಳನ್ನೇ ಕಳಿಸುತ್ತ ಬಂತು. ಬೇರೆ ಹೆಸರುಗಳು ಕೆಲಸ ನಿಧಾನವೆಂದು ನಿರ್ವಾಹಕರ ಮೇಲೆ ಒತ್ತಡ ಹೇರಿದವು. ಕೊನೆಗೆ ಆ ಖಾತೆಗೆ ಬಿಡುಗಡೆಯ ಹಕ್ಕು ಸಿಕ್ಕಿತು. 2024ರ ಫೆಬ್ರವರಿ 24ರಂದು 5.6.0, ಮಾರ್ಚ್ 9ರಂದು 5.6.1 ಹೊರಬಂದವು. ಕೇಡಿನ ಮುಖ್ಯ ಭಾಗ ಪರೀಕ್ಷೆಗೆಂದು ಇಟ್ಟ ಬೈನರಿ ಫೈಲುಗಳೊಳಗೆ ಅಡಗಿತ್ತು. ಅದನ್ನು ಹೊರತೆಗೆದು ಬಿಲ್ಡ್‌ಗೆ, ಅಂದರೆ ಕೋಡನ್ನು ಓಡುವ ರೂಪಕ್ಕೆ ಕಟ್ಟುವ ಹಂತಕ್ಕೆ, ಸೇರಿಸುವ ಸ್ಕ್ರಿಪ್ಟ್ ಗಿಟ್‌ನಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು. ಗುರಿ, ದೂರದ ಸರ್ವರಿಗೆ ಲಾಗಿನ್ ಮಾಡಿಸುವ ಓಪನ್‌ಎಸ್‌ಎಸ್‌ಎಚ್. ಅದು ಈ ಲೈಬ್ರರಿಯನ್ನು ನೇರವಾಗಿ ಬಳಸುವುದೂ ಇಲ್ಲ. ಕೆಲವು ಲಿನಕ್ಸ್ ವಿತರಣೆಗಳು ಗಣಕದ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಜೋಡಿಸಲು ಮಾಡಿಕೊಂಡ ತಿದ್ದುಪಡಿಯಿಂದ ಎಕ್ಸ್‌ಝಡ್ ಲೈಬ್ರರಿ ಅದರೊಳಗೆ ಬರುತ್ತಿತ್ತು. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋಗಿ, ಮಾರ್ಚ್ 29ರಂದು ವಿಷಯ ಹೊರಗಿಟ್ಟರು. ಲಿನಕ್ಸ್ ವಿತರಣೆಗಳ ಬಹುತೇಕ ಸ್ಥಿರ ಆವೃತ್ತಿಗಳಿಗೆ ಅದು ಇನ್ನೂ ತಲುಪಿರಲಿಲ್ಲ.

ಬಿಚ್ಚಿ ನೋಡುವ ಬಗೆ

ಮೊದಲು, ಓಡಿಸದೆ ಇಳಿಸಿಕೊಳ್ಳುವುದನ್ನು ಕಲಿಯಬೇಕು. ಎನ್‌ಪಿಎಂನಲ್ಲಿ ಇನ್‌ಸ್ಟಾಲ್ ಬದಲು ಪ್ಯಾಕ್ ಎಂಬ ಆಜ್ಞೆಗೆ ಪ್ಯಾಕೇಜಿನ ಹೆಸರು ಮತ್ತು ನಿಖರ ಆವೃತ್ತಿ ಕೊಟ್ಟರೆ ಟಾರ್‌ಬಾಲ್ ಮಾತ್ರ ಬರುತ್ತದೆ. ಪೈಥಾನಿನಲ್ಲಿ ಒಂದು ಬಲೆಯಿದೆ. ಪಿಪ್ ಡೌನ್‌ಲೋಡ್ ಎಂದರೆ ಬರೀ ಇಳಿಸುವುದು ಎಂದು ಅನೇಕರು ತಿಳಿದಿದ್ದಾರೆ. ಆದರೆ ಸೋರ್ಸ್ ಕಟ್ಟು ಇಳಿಸುವಾಗ ಅದರ ವಿವರ ತಿಳಿಯಲು ಪಿಪ್ ಆ ಕಟ್ಟಿನ ಸೆಟಪ್ ಫೈಲನ್ನು ಓಡಿಸಬಹುದು. ನೋಡುವ ಮೊದಲೇ ಕೇಡು ಓಡಿಬಿಟ್ಟಿರುತ್ತದೆ. ಆದ್ದರಿಂದ ವೀಲ್ ಮಾತ್ರ ಬೇಕು, ಡಿಪೆಂಡೆನ್ಸಿ (ಅದಕ್ಕೆ ಬೇಕಾದ ಇತರ ಪ್ಯಾಕೇಜುಗಳು) ಬೇಡ ಎಂಬ ಎರಡು ಆಯ್ಕೆಗಳನ್ನೂ ಕೊಡಿ. ಸೋರ್ಸ್ ಕಟ್ಟೇ ಬೇಕಿದ್ದರೆ ಪೈಪಿಐ ಪುಟದ ಕೊಂಡಿಯಿಂದ ಸಾದಾ ಫೈಲಿನಂತೆ ಇಳಿಸಿ. ಬಿಚ್ಚುವುದು ಬಿಸಾಡಬಹುದಾದ ಕಂಟೇನರಿನಲ್ಲಿ, ಅಂದರೆ ಗಣಕದೊಳಗೆ ಬೇರೆಯಾಗಿ ಕಟ್ಟಿಕೊಂಡ ಜಾಗದಲ್ಲಿ. ಅದಕ್ಕೆ ನೆಟ್‌ವರ್ಕ್ ಇರಬಾರದು, ನಿಮ್ಮ ಹೋಮ್ ಫೋಲ್ಡರ್ ಕಾಣಬಾರದು.

ಬಿಚ್ಚಿದೊಡನೆ ಕೋಡಿಗೆ ಇಳಿಯಬೇಡಿ. ಫೈಲುಗಳ ಪಟ್ಟಿ ತೆಗೆದು, ಅದೇ ಆವೃತ್ತಿಯ ಗಿಟ್ ಟ್ಯಾಗಿನ (ಸೋರ್ಸ್ ಭಂಡಾರದಲ್ಲಿ ಆ ಆವೃತ್ತಿಗೆ ಹಾಕಿದ ಗುರುತಿನ) ಪಟ್ಟಿಯ ಪಕ್ಕ ಇಡಿ. ಚೀಲದಲ್ಲಿದ್ದು ತೋಟದಲ್ಲಿಲ್ಲದ ಪ್ರತಿ ಫೈಲಿಗೂ ಕಾರಣ ಸಿಗಬೇಕು. ಬಿಲ್ಡ್ ಮಾಡಿದ ಫೋಲ್ಡರ್ ಹೆಚ್ಚಿಗೆ ಇರುವುದು ಸಹಜ. ಹೆಸರಿಲ್ಲದ ಬೈನರಿ, ಹೊಸ ಸ್ಕ್ರಿಪ್ಟ್, ಎರಡೂ ಕಡೆ ಇದ್ದು ಒಳಗಿನದು ಬೇರೆಯಾದ ಫೈಲು ಸಹಜವಲ್ಲ. ಟ್ಯಾಗೇ ಇಲ್ಲದ ಆವೃತ್ತಿ ಎನ್‌ಪಿಎಂನಲ್ಲಿ ಇದ್ದರೆ ಅಲ್ಲಿಯೇ ನಿಲ್ಲಿ. ಗೋ ಭಾಷೆಯವರಿಗೆ ಈ ಕಷ್ಟ ಕಡಿಮೆ. ಅಲ್ಲಿ ಮಾಡ್ಯೂಲ್ ಸೋರ್ಸ್ ಭಂಡಾರದಿಂದಲೇ ಬರುತ್ತದೆ, ಅದರ ಹ್ಯಾಶ್ (ಒಳಗಿನದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ಸಾರ್ವಜನಿಕ ದಾಖಲೆಯಲ್ಲಿ ಇರುತ್ತದೆ.

ಆಮೇಲೆ, ಇನ್‌ಸ್ಟಾಲ್ ಹೊತ್ತಿಗೆ ಏನು ಓಡುತ್ತದೆ ನೋಡಿ. ಎನ್‌ಪಿಎಂ ಪ್ಯಾಕೇಜಿನ ಜೇಸನ್ ಫೈಲಿನಲ್ಲಿ ಪ್ರೀಇನ್‌ಸ್ಟಾಲ್, ಇನ್‌ಸ್ಟಾಲ್, ಪೋಸ್ಟ್‌ಇನ್‌ಸ್ಟಾಲ್ ಎಂಬ ಮೂರು ಜಾಗಗಳಿವೆ. ಮೂರೂ ಖಾಲಿ ಇದ್ದರೆ ಸಾಲದು. ಬೈಂಡಿಂಗ್ ಡಾಟ್ ಜಿಪ್ (binding.gyp) ಎಂಬ ಫೈಲು ಪ್ಯಾಕೇಜಿನ ಮೇಲ್ಮಟ್ಟದಲ್ಲಿದ್ದರೆ ಎನ್‌ಪಿಎಂ ಯಾರೂ ಹೇಳದೆಯೇ ಕಂಪೈಲ್ ಶುರುಮಾಡುತ್ತದೆ. ಅಲ್ಲಿಂದಲೂ ಆಜ್ಞೆ ಓಡಿಸಬಹುದು. ಪೈಥಾನಿನ ವೀಲ್ ಇನ್‌ಸ್ಟಾಲ್ ಆಗುವಾಗ ಕೋಡ್ ಓಡಿಸುವುದಿಲ್ಲ ಎಂಬುದು ನಿಜ. ಆದರೆ ಅದರೊಳಗೆ ಪಿಟಿಎಚ್ ಎಂಬ ಕೊನೆಯ ಅಕ್ಷರಗಳಿರುವ ಫೈಲು ಇದ್ದರೆ, ಆಮೇಲೆ ಪೈಥಾನ್ ಶುರುವಾದಾಗಲೆಲ್ಲ ಅದರೊಳಗಿನ ಇಂಪೋರ್ಟ್ ಸಾಲುಗಳು ಓಡುತ್ತವೆ. ಆ ಪ್ಯಾಕೇಜನ್ನು ನೀವು ಇಂಪೋರ್ಟ್ ಮಾಡಬೇಕೆಂದೂ ಇಲ್ಲ.

ಕೋಡ್ ಓದುವಾಗ ಪ್ಯಾಕೇಜಿನ ಕೆಲಸಕ್ಕೂ ಕೋಡಿನ ಕೈಗೂ ಹೊಂದುತ್ತದೆಯೇ ಎಂಬುದೊಂದೇ ಪ್ರಶ್ನೆ. ದಿನಾಂಕವನ್ನು ಬೇರೆ ರೂಪಕ್ಕೆ ತಿರುಗಿಸುವ ಲೈಬ್ರರಿಗೆ ನೆಟ್‌ವರ್ಕ್ ಯಾಕೆ? ಬಣ್ಣದ ಅಕ್ಷರ ಮೂಡಿಸುವ ಲೈಬ್ರರಿಗೆ ಕೀ, ಪಾಸ್‌ವರ್ಡುಗಳೂ ಇರಬಹುದಾದ ಎನ್ವಿರಾನ್‌ಮೆಂಟ್ ವೇರಿಯಬಲ್ ಎಲ್ಲವನ್ನೂ ಒಟ್ಟಿಗೆ ಓದುವ ಕೆಲಸವೇನು? ಹುಡುಕಬೇಕಾದ್ದು ಹೊರಗಿನ ಆಜ್ಞೆ ಓಡಿಸುವ ಚೈಲ್ಡ್ ಪ್ರೊಸೆಸ್ ಮತ್ತು ಸಬ್‌ಪ್ರೊಸೆಸ್, ಪಠ್ಯವನ್ನು ಕೋಡಾಗಿ ಓಡಿಸುವ ಇವಾಲ್ ಮತ್ತು ಎಕ್ಸೆಕ್, ಯಾವುದೇ ದತ್ತಾಂಶವನ್ನು ಅಕ್ಷರಗಳಾಗಿ ಬರೆಯುವ ಬೇಸ್64ನ ಉದ್ದ ಸಾಲುಗಳು, ಎಸ್‌ಎಸ್‌ಎಚ್ ಫೋಲ್ಡರ್ ಅಥವಾ ಎನ್‌ಪಿಎಂ ಟೋಕನ್ ಫೈಲಿನ ದಾರಿ. ಎಡಿಟರಿನಲ್ಲಿ ಸಾಲು ಮಡಚುವ ಸೌಲಭ್ಯ ಹಾಕಿಕೊಳ್ಳಿ. ನೂರಾರು ಖಾಲಿ ಜಾಗ ಬಿಟ್ಟು ಪರದೆಯ ಬಲಗಡೆ ಆಚೆ ಕೋಡ್ ಬಚ್ಚಿಡುವುದು ಹಳೆಯ ತಂತ್ರ, ಈಗಲೂ ನಡೆಯುತ್ತದೆ.

ಮಿನಿಫೈ ಮಾಡಿ ಕುಗ್ಗಿಸಿದ ಫೈಲನ್ನು ಕಣ್ಣಿನಿಂದ ಓದಿ ಪ್ರಯೋಜನವಿಲ್ಲ. ಆ ಟ್ಯಾಗಿನಿಂದ ನೀವೇ ಬಿಲ್ಡ್ ಮಾಡಿ ತಾಳೆ ನೋಡಿ. ಅದಾಗದಿದ್ದರೆ ಪ್ರೊವೆನೆನ್ಸ್ ದಾಖಲೆ ಇದೆಯೇ ನೋಡಿ. ಯಾವ ಕಮಿಟ್‌ನಿಂದ (ಗಿಟ್‌ನಲ್ಲಿ ದಾಖಲಾದ ಬದಲಾವಣೆಯಿಂದ), ಯಾವ ಬಿಲ್ಡ್ ವ್ಯವಸ್ಥೆಯಲ್ಲಿ ಈ ಕಟ್ಟು ತಯಾರಾಯಿತು ಎಂಬುದಕ್ಕೆ ಸಹಿ ಹಾಕಿದ ಸಾಕ್ಷಿ ಅದು. ಎನ್‌ಪಿಎಂನಲ್ಲಿ 2023ರಿಂದ, ಪೈಪಿಐನಲ್ಲಿ 2024ರ ನವೆಂಬರಿನಿಂದ ಇದೆ. ಆಡಿಟ್ ಸಿಗ್ನೇಚರ್ಸ್ ಎಂಬ ಆಜ್ಞೆ ಎನ್‌ಪಿಎಂನಲ್ಲಿ ಇದನ್ನು ಪರೀಕ್ಷಿಸುತ್ತದೆ. ಆದರೆ ಸಾಕ್ಷಿ ಎಲ್ಲಿ ಕಟ್ಟಿದ್ದು ಎಂದು ಹೇಳುತ್ತದೆ, ಒಳಗಿರುವುದು ಒಳ್ಳೆಯದೆಂದು ಹೇಳುವುದಿಲ್ಲ. 2024ರ ಡಿಸೆಂಬರಿನಲ್ಲಿ ಅಲ್ಟ್ರಾಲಿಟಿಕ್ಸ್ ಪ್ಯಾಕೇಜಿನ 8.3.41 ಮತ್ತು 8.3.42ರಲ್ಲಿ ಗಣಕದ ಶಕ್ತಿ ಕದಿಯುವ ಕ್ರಿಪ್ಟೋ ಮೈನರ್ ಸೇರಿದ್ದು ಆ ಪ್ರಾಜೆಕ್ಟಿನ ಸ್ವಂತ ಬಿಲ್ಡ್ ವ್ಯವಸ್ಥೆಯೇ ಕೆಟ್ಟದ್ದರಿಂದ.

ನೂರಾರು ಪ್ಯಾಕೇಜುಗಳಲ್ಲಿ ಯಾವುದನ್ನು ನೋಡುವುದು

ನೀವು ಹೆಸರಿಟ್ಟು ಸೇರಿಸಿದ್ದು ಇಪ್ಪತ್ತಿರಬಹುದು. ಅವು ತಮಗೆ ಬೇಕಾದವನ್ನು, ಅವು ಮತ್ತೆ ತಮಗೆ ಬೇಕಾದವನ್ನು ಎಳೆದು ತಂದು ನೂರಾರು ಆಗಿರುತ್ತವೆ. ಮೂರು ಜನರ ತಂಡ ಎಲ್ಲವನ್ನೂ ಓದಲಾರದು, ಓದಬೇಕಾಗಿಯೂ ಇಲ್ಲ. ಇನ್‌ಸ್ಟಾಲ್ ಸ್ಕ್ರಿಪ್ಟ್ ಇರುವವು, ಬೈನರಿ ಹೊತ್ತು ತರುವವು, ಡೇಟಾಬೇಸ್ ಪಾಸ್‌ವರ್ಡು ಅಥವಾ ಪೇಮೆಂಟ್ ಕೀ ಇರುವ ಸರ್ವರಿನಲ್ಲಿ ಓಡುವವು, ಇತ್ತೀಚೆಗೆ ಮಾಲೀಕರು ಬದಲಾದವು: ಈ ನಾಲ್ಕು ಗುಂಪನ್ನು ಮೊದಲು ತೆಗೆದುಕೊಳ್ಳಿ. ಎನ್‌ಪಿಎಂ ವ್ಯೂ ಆಜ್ಞೆಯಲ್ಲಿ ಟೈಮ್, ಮೇಂಟೇನರ್ಸ್ ಎಂದು ಕೇಳಿದರೆ ಪ್ರತಿ ಆವೃತ್ತಿಯ ದಿನಾಂಕ, ಈಗಿನ ಮಾಲೀಕರು ಸಿಗುತ್ತಾರೆ. ಎರಡು ವರ್ಷ ಸುಮ್ಮನಿದ್ದ ಪ್ಯಾಕೇಜಿಗೆ ಒಂದೇ ದಿನ ಮೂರು ಆವೃತ್ತಿ ಬಂದಿದ್ದರೆ ಅದನ್ನು ಬಿಚ್ಚಲೇಬೇಕು.

ಓಪನ್ ಸೋರ್ಸ್ ಸುರಕ್ಷತೆಗೆ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಫ್ ಸಂಸ್ಥೆಯ ಸ್ಕೋರ್‌ಕಾರ್ಡ್ ಎಂಬ ಸಾಧನ ಪ್ರಾಜೆಕ್ಟಿನ ಅಭ್ಯಾಸಗಳಿಗೆ 0ಯಿಂದ 10ರ ತನಕ ಅಂಕ ಕೊಡುತ್ತದೆ. ಒಟ್ಟು ಅಂಕಕ್ಕಿಂತ ಬಿಡಿ ಸಾಲುಗಳನ್ನು ನೋಡಿ. ಕೋಡ್ ರಿವ್ಯೂ, ಡೇಂಜರಸ್ ವರ್ಕ್‌ಫ್ಲೋ, ಮೇಂಟೇನ್ಡ್ ಎಂಬ ಸಾಲುಗಳು ಉಪಯುಕ್ತ. ನೆನಪಿಡಿ, ಇದು ಕೂಡ ತೋಟಕ್ಕೆ ಕೊಡುವ ಅಂಕವೇ.

ಬೇಡದ್ದನ್ನು ತೆಗೆಯುವುದು ಪರಿಶೀಲನೆಯಷ್ಟೇ ದೊಡ್ಡ ಕೆಲಸ. 2016ರ ಮಾರ್ಚಿನಲ್ಲಿ ಎನ್‌ಪಿಎಂನಿಂದ ತೆಗೆದುಹಾಕಿದ್ದಕ್ಕೆ ಜಗತ್ತಿನಾದ್ಯಂತ ಬಿಲ್ಡ್‌ಗಳು ಮುರಿದುಬಿದ್ದ ಲೆಫ್ಟ್-ಪ್ಯಾಡ್ ಇದ್ದದ್ದು 11 ಸಾಲು. ಅಷ್ಟು ಸಾಲನ್ನು ನಿಮ್ಮ ಕೋಡಿನಲ್ಲೇ ಬರೆದುಕೊಳ್ಳಬಹುದು. ಗೂಢಲಿಪೀಕರಣವನ್ನು ಮಾತ್ರ ಎಂದೂ ಸ್ವಂತ ಬರೆಯಬೇಡಿ.

ನೋಡಿದ್ದೇ ಓಡಬೇಕು

ಇವತ್ತು ನೋಡಿದ ಆವೃತ್ತಿ, ನಾಳೆ ಸರ್ವರಿಗೆ ಇಳಿಯುವ ಆವೃತ್ತಿ ಎರಡೂ ಒಂದೇ ಆಗಿರದಿದ್ದರೆ ಮೇಲಿನ ಶ್ರಮವೆಲ್ಲ ದಂಡ. ಪ್ರತಿ ಪ್ಯಾಕೇಜಿನ ನಿಖರ ಆವೃತ್ತಿ ಬರೆದಿಡುವ ಲಾಕ್ ಫೈಲನ್ನು ಗಿಟ್‌ಗೆ ಸೇರಿಸಿ. ಸರ್ವರಿನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬೇಡ, ಎನ್‌ಪಿಎಂ ಸಿಐ ಬಳಸಿ. ಲಾಕ್ ಫೈಲಿಗೂ ಪ್ಯಾಕೇಜ್ ಪಟ್ಟಿಗೂ ಹೊಂದದಿದ್ದರೆ ಅದು ತಾನೇ ಊಹಿಸಿ ಸರಿಮಾಡುವುದಿಲ್ಲ, ನಿಂತುಬಿಡುತ್ತದೆ. ಜೊತೆಗೆ ಇಗ್ನೋರ್-ಸ್ಕ್ರಿಪ್ಟ್ಸ್ ಆಯ್ಕೆ ಹಾಕಿ. ಕಂಪೈಲ್ ಬೇಕಾದ ಒಂದೆರಡು ಪ್ಯಾಕೇಜು ಆಗ ಕೆಲಸ ಮಾಡುವುದಿಲ್ಲ. ಅವಕ್ಕೆ ಮಾತ್ರ ರೀಬಿಲ್ಡ್ ಆಜ್ಞೆ ಕೊಡಿ. ಎನ್‌ಪಿಎಂ ಸಾಧನಕ್ಕೆ ಬದಲಿಯಾಗಿ ಬಳಸುವ ಪಿಎನ್‌ಪಿಎಂ 10ನೇ ಆವೃತ್ತಿಯಿಂದ ಡಿಪೆಂಡೆನ್ಸಿಗಳ ಸ್ಕ್ರಿಪ್ಟನ್ನು ತಾನಾಗಿಯೇ ತಡೆಯುತ್ತದೆ. ಪಿಪ್‌ನಲ್ಲಿ ರಿಕ್ವೈರ್-ಹ್ಯಾಶಸ್ ಹಾಕಿದರೆ ಪ್ರತಿ ಕಟ್ಟಿನ ಹ್ಯಾಶ್ ಹೊಂದಲೇಬೇಕು.

ಹೊಸ ಆವೃತ್ತಿಗೆ ಏಳು ದಿನ ಕಾಯುವ ನಿಯಮ ಇಟ್ಟುಕೊಳ್ಳಿ. ಪಿಎನ್‌ಪಿಎಂ 10.16ರಿಂದ ಮಿನಿಮಮ್ ರಿಲೀಸ್ ಏಜ್ ಎಂಬ ಸೆಟ್ಟಿಂಗ್ ಇದೆ. ಅದು ನಿಮಿಷದಲ್ಲಿ, ಅಂದರೆ ಏಳು ದಿನಕ್ಕೆ 10080. ಚಾಕ್, ಯುಎ-ಪಾರ್ಸರ್‌ನಂಥವು ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿದ್ದಿದ್ದರಿಂದ ಕಾದವರಿಗೆ ಏನೂ ಆಗಲಿಲ್ಲ. ಎಕ್ಸ್‌ಝಡ್‌ಗೆ 34 ದಿನ ಬೇಕಾಯಿತು, ಅದಕ್ಕೆ ಈ ತಡೆ ಸಾಲದು. ಲಾಗ್4ಜೆಯಂಥ ದೋಷಕ್ಕೆ ತಿದ್ದುಪಡಿ ಬಂದ ದಿನ ಏಳು ದಿನ ಕಾಯುವುದೂ ತಪ್ಪು. ಆಗ ಹಳೆಯದಕ್ಕೂ ಹೊಸದಕ್ಕೂ ಎನ್‌ಪಿಎಂ ಡಿಫ್ ಅಥವಾ ಅದಕ್ಕೆ ಸಮಾನ ಸಾಧನದಿಂದ ವ್ಯತ್ಯಾಸ ತೆಗೆದು, ಅಷ್ಟನ್ನು ಓದಿ ಅಂದೇ ಹಾಕಿ.

ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ನೆಟ್ ಕೈಕೊಡುವುದು ಎಲ್ಲರಿಗೂ ಗೊತ್ತು. ಅದಕ್ಕೆಂದೇ ಕಚೇರಿಯೊಳಗೆ ಪ್ಯಾಕೇಜುಗಳ ಸ್ಥಳೀಯ ಸಂಗ್ರಹ ಇಟ್ಟರೆ ಸುರಕ್ಷತೆಗೂ ಆಗುತ್ತದೆ. ಎನ್‌ಪಿಎಂಗೆ ವೆರ್ಡಾಚಿಯೋ, ಪೈಥಾನಿಗೆ ಡೆವ್‌ಪಿ ಇವೆ. ವೆರ್ಡಾಚಿಯೋದಲ್ಲಿ ನಿಮ್ಮ ಖಾಸಗಿ ಹೆಸರುಗಳ ಗುಂಪಿಗೆ ಹೊರಗಿನ ಭಂಡಾರದ ಪ್ರಾಕ್ಸಿ ಸಾಲನ್ನು ತೆಗೆದುಬಿಡಿ. ಅಲೆಕ್ಸ್ ಬಿರ್ಸನ್ ತೋರಿಸಿದ ದಾರಿ ಅಲ್ಲಿಗೆ ಮುಚ್ಚಿತು.

ಬಿಲ್ಡ್, ಪರೀಕ್ಷೆಗಳನ್ನು ತಾನಾಗಿ ಓಡಿಸಲು ಬಳಸುವ ಗಿಟ್‌ಹಬ್ ಆ್ಯಕ್ಷನ್‌ಗಳೂ ಪ್ಯಾಕೇಜುಗಳೇ ಎಂಬುದು ಮರೆತುಹೋಗುತ್ತದೆ. 2025ರ ಮಾರ್ಚಿನಲ್ಲಿ ಟಿಜೆ-ಆ್ಯಕ್ಷನ್ಸ್‌ನ ಚೇಂಜ್ಡ್-ಫೈಲ್ಸ್‌ನಲ್ಲಿ ಹಳೆಯ ಆವೃತ್ತಿ ಟ್ಯಾಗುಗಳನ್ನೇ ಕೆಟ್ಟ ಕಮಿಟ್‌ಗೆ ತಿರುಗಿಸಿದ್ದರು. ಟ್ಯಾಗ್ ಎಂದರೆ ಅಂಟಿಸಿದ ಚೀಟಿ, ಕಿತ್ತು ಬೇರೆ ಕಡೆ ಅಂಟಿಸಬಹುದು. 40 ಅಕ್ಷರದ ಪೂರ್ತಿ ಕಮಿಟ್ ಹ್ಯಾಶ್ ಬರೆದವರಿಗೆ ಅಂದು ತೊಂದರೆಯಾಗಲಿಲ್ಲ.

ಕೆಟ್ಟದ್ದು ಒಳಗೆ ಬಂದಿದ್ದರೆ

ಕಾಂಡಕೊರಕ ಹಿಡಿದ ಅರೇಬಿಕಾ ಗಿಡವನ್ನು ಬುಡಸಮೇತ ಕಿತ್ತು ಸುಡುತ್ತಾರೆ. ಒಣಗಿದ ರೆಂಬೆ ಕಡಿದು ಬಿಡುವುದಿಲ್ಲ, ಹುಳು ಕಾಂಡದೊಳಗೆ ಇರುತ್ತದೆ. ಇಲ್ಲಿಯೂ ಅನ್‌ಇನ್‌ಸ್ಟಾಲ್ ಮಾಡಿದರೆ ಮುಗಿಯುವುದಿಲ್ಲ. ಇನ್‌ಸ್ಟಾಲ್ ಸ್ಕ್ರಿಪ್ಟ್ ಒಮ್ಮೆ ಓಡಿದ್ದರೂ ಆ ಗಣಕದಲ್ಲಿದ್ದ ಪ್ರತಿ ಕೀ, ಟೋಕನ್, ಪಾಸ್‌ವರ್ಡು ಹೊರಗೆ ಹೋಗಿದೆ ಎಂದೇ ಲೆಕ್ಕ. ಮೊದಲು ನೆಟ್ ಕಡಿಯಿರಿ. ಬೇರೆ ಶುದ್ಧ ಗಣಕದಿಂದ ಟೋಕನ್‌ಗಳನ್ನು ರದ್ದುಮಾಡಿ, ಹೊಸದು ಮಾಡಿ. ಕೆಟ್ಟ ಗಣಕದಲ್ಲೇ ಕುಳಿತು ಪಾಸ್‌ವರ್ಡು ಬದಲಿಸಿದರೆ ಹೊಸದೂ ಅವರ ಕೈಗೆ. ಬಿಲ್ಡ್ ಸರ್ವರನ್ನು ಮೊದಲಿನಿಂದ ಕಟ್ಟಿ. ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿಗಳು ವರದಿ ಮಾಡಬೇಕು.

ಆ 6 ಗಂಟೆಯಲ್ಲಿ ಮೊದಲು ಎದುರಾಗುವ ಪ್ರಶ್ನೆ, ಈ ಪ್ಯಾಕೇಜು ನಮ್ಮಲ್ಲಿ ಎಲ್ಲೆಲ್ಲಿದೆ ಎಂಬುದು. ಲಾಗ್4ಜೆ ಸಮಯದಲ್ಲಿ ಅನೇಕರು ವಾರಗಟ್ಟಲೆ ಹುಡುಕಬೇಕಾಯಿತು. ಜಾವಾ ಕೋಡ್ ಕಟ್ಟಿಡುವ ಒಂದು ಜಾರ್ ಫೈಲಿನೊಳಗೆ ಇನ್ನೊಂದು ಜಾರ್, ಅದರೊಳಗೆ ಅದು ಇತ್ತು. ಇದಕ್ಕೇ ಎಸ್‌ಬಿಒಎಂ ಎಂಬ ಘಟಕಗಳ ಪಟ್ಟಿ ಬೇಕು. ಸೈಕ್ಲೋನ್‌ಡಿಎಕ್ಸ್, ಎಸ್‌ಪಿಡಿಎಕ್ಸ್ ಅದರ ಎರಡು ಪ್ರಚಲಿತ ರೂಪಗಳು. ಸಿಇಆರ್‌ಟಿ-ಇನ್ 2024ರ ಅಕ್ಟೋಬರಿನಲ್ಲಿ ಇದಕ್ಕೆ ಮಾರ್ಗಸೂಚಿಯನ್ನೂ ಕೊಟ್ಟಿದೆ. ಪ್ರತಿ ಬಿಡುಗಡೆಗೂ ತಾನಾಗಿ ತಯಾರಾಗಿ, ಆ ಬಿಡುಗಡೆಯ ಜೊತೆಗೇ ಉಳಿಯುವಂತೆ ಮಾಡಿ. ಕೈಯಲ್ಲಿ ಬರೆದ ಪಟ್ಟಿ ಮುಂದಿನ ಬಿಡುಗಡೆಗೇ ಹಳತಾಗುತ್ತದೆ.

ಕೈಯಲ್ಲಿ ಬರೆಯಬೇಕಾದದ್ದು ಬೇರೆ ಇದೆ: ಬಿಚ್ಚಿ ನೋಡಿದ ಪ್ರತಿ ಪ್ಯಾಕೇಜಿಗೂ ಒಂದು ಸಾಲು. ಹೆಸರು, ಆವೃತ್ತಿ, ಕಟ್ಟಿನ ಹ್ಯಾಶ್, ನೋಡಿದವರು, ದಿನಾಂಕ, ಆ ದಿನ ಇದ್ದ ಮಾಲೀಕರ ಹೆಸರುಗಳು. ಕೊನೆಯ ಕಾಲಂ ಏನನ್ನು ನೋಡಲಿಲ್ಲ ಎಂಬುದಕ್ಕೆ: ಬೈನರಿ ಬಿಚ್ಚಿಲ್ಲ, ಪರೀಕ್ಷಾ ಫೈಲು ನೋಡಿಲ್ಲ, ಕುಗ್ಗಿಸಿದ ಫೈಲನ್ನು ಮತ್ತೆ ಬಿಲ್ಡ್ ಮಾಡಿಲ್ಲ ಎಂದು. ಆರು ತಿಂಗಳ ಮೇಲೆ ಆ ಪ್ಯಾಕೇಜಿನ ಸುದ್ದಿ ಬಂದಾಗ ಮೊದಲು ತೆರೆಯುವುದು ಈ ಕೊನೆಯ ಕಾಲಂ.